ಮನೆಗೆ ಹೋದ ಗುರುತು

ನರಸಿಂಹರಾಜಪುರದಲ್ಲಿ ಬಸ್ಸು ಬದಲಾಯಿಸಿ ಕೊಪ್ಪದ ಬಸ್ಸಿನ ಕಿಟಕಿ ಪಕ್ಕ ಕೂತ ಮೇಲೂ ವನಜಮ್ಮ ಸ್ಕೌಟಿನ ಸ್ಕಾರ್ಫನ್ನು ಚೀಲದಿಂದ ಹೊರಗೆ ತೆಗೆಯಲಿಲ್ಲ. ಅರವತ್ತೆರಡು ದಾಟಿದ ಹೆಂಗಸು ಸೀರೆಯ ಮೇಲೆ ಕೊರಳಿಗೆ ನೇರಳೆ ಬಟ್ಟೆ ಸುತ್ತಿಕೊಂಡು ಕೂತರೆ ನೋಡುವವರಿಗೆ ಏನನ್ನಿಸುತ್ತದೆ ಎಂದು ಅವಳಿಗೆ ಗೊತ್ತಿತ್ತು. ಹಿಂದೊಮ್ಮೆ ಇದೇ ದಾರಿಯ ಕಂಡಕ್ಟರ್, ಅವಳ ಹತ್ತಿರವೇ ಕಲಿತವನು, ಟಿಕೆಟ್ ಹರಿಯುತ್ತ, "ಎಂತ ಟೀಚರೇ, ರಿಟೈರ್ ಆದ್ರೂ ಡ್ರಿಲ್ಲು ಬಿಡ್ಲಿಲ್ವಾ?" ಎಂದಿದ್ದ. ಬಸ್ಸಿಗೆ ಬಸ್ಸೇ ನಕ್ಕಿತ್ತು. ಅವರು ನಕ್ಕದ್ದಲ್ಲ, ತಾನೂ ಅವರ ಜೊತೆ ಹಲ್ಲು ಬಿಟ್ಟೆನಲ್ಲ, ಅದು ಮನೆಗೆ ಹೋಗಿ ಮುಖ ತೊಳೆಯುವಾಗ ನೆನಪಾಗಿ ಮೈ ಉರಿದಿತ್ತು. ಇವತ್ತು ಬರುವುದೇ ಬೇಡವೆಂದಿದ್ದಳು. ಮಂಡಿ ನೋವು ಒಂದು ನೆಪ, ತಮ್ಮನ ಮನೆಯ ಪೂಜೆ ಇನ್ನೊಂದು ನೆಪ. ಎರಡನ್ನೂ ಹಿಂದಿನ ಎರಡು ಸಭೆಗಳಿಗೆ ಬಳಸಿಯಾಗಿತ್ತು. ಮೂರನೆಯದಕ್ಕೆ ತಡಕಾಡುವಷ್ಟರಲ್ಲಿ ಶೃಂಗೇರಿಯಿಂದ ಬಳಗದ ಕಾರ್ಯದರ್ಶಿ ಪ್ರಶಾಂತನ ಫೋನು ಬಂತು. "ವನಜಮ್ಮೋರೆ, ಈ ಸಲ ತಪ್ಪಿಸ್ಲಿಕ್ಕಿಲ್ಲ. ಸಿರಿಮನೆ ಕತೆ ಲಾಗ್ ಬುಕ್ಕಿಗೆ ಏರಿಸ್ಬೇಕು. ಕನ್ನಡ ಟೀಚರನ್ನ ಇಟ್ಕೊಂಡು ಬೇರೆಯವ್ರ ಹತ್ರ ಬರೆಸ್ಲಿಕ್ಕೆ ಆಗ್ತದಾ ಮಾರಾಯ್ರೆ?" ಆಯಿತು ಎಂದುಬಿಟ್ಟಳು. ಇಲ್ಲ ಎನ್ನುವುದಕ್ಕೆ ಬೇಕಾದ ಶಕ್ತಿಯೂ ಈಗೀಗ ಉಳಿದಿಲ್ಲ.

ಈ ಬಳಗಕ್ಕೆ ಫೆಲೋಶಿಪ್ ಎಂಬ ದೊಡ್ಡ ಹೆಸರು. ಮೂರು ತಾಲ್ಲೂಕುಗಳಲ್ಲಿ ಒಂದು ಕಾಲಕ್ಕೆ ಸ್ಕೌಟು, ಗೈಡು ಆಗಿದ್ದವರು, ಆಮೇಲೆ ಮಕ್ಕಳಿಗೆ ಗಂಟು ಹಾಕುವುದನ್ನು ಕಲಿಸಿದವರು, ಈಗ ಮನೆಯಲ್ಲಿ ಯಾರಿಗೂ ಹೆಚ್ಚು ಬೇಡದವರು. ಐವತ್ತು ಜನರಿದ್ದದ್ದು ಹತ್ತೊಂಬತ್ತಕ್ಕೆ ಇಳಿದಿದೆ. ಕಟ್ಟಿದವರು ರಂಗಪ್ಪ ಮೇಷ್ಟ್ರು. ಅವರು ತೀರಿಹೋಗಿ ಹನ್ನೊಂದು ವರ್ಷವಾಯಿತು. ಬಳಗದಲ್ಲಿ ತೀರಿಹೋದರು ಎನ್ನುವಂತಿಲ್ಲ, 'ಮನೆಗೆ ಹೋದರು' ಎನ್ನಬೇಕು. ಹೋದ ಮೇಲೆ ಮೇಷ್ಟ್ರು ಇನ್ನೂ ಬೆಳೆದಿದ್ದಾರೆ. ಒಮ್ಮೆ ಕ್ಯಾಂಪಿನಲ್ಲಿ ಉಪ್ಪೆಂದು ಸಕ್ಕರೆ ಸುರಿದು ಉಪ್ಪಿಟ್ಟು ಮಾಡಿದ್ದರಂತೆ, ಯಾರೂ ತುಟಿಪಿಟಕ್ಕೆನ್ನದೆ ತಿಂದಿದ್ದರಂತೆ. ಅಂದಿನಿಂದ ಪ್ರತಿ ಸಭೆಯಲ್ಲೂ ಉಪ್ಪಿಟ್ಟಿನ ಮೊದಲ ತುತ್ತಿಗೆ ಸಕ್ಕರೆ, ಶುಗರ್ ಇದ್ದವರೂ ಬಿಡುವಂತಿಲ್ಲ. ಮೇಷ್ಟ್ರು ಹುಲಿ ಹೆಜ್ಜೆಗೆ ಪ್ಲಾಸ್ಟರ್ ಎರೆಯುತ್ತಿದ್ದಾಗ ಹುಲಿಯೇ ಹಿಂದೆ ಕೂತು ನೋಡುತ್ತಿತ್ತಂತೆ. ಇಂಥ ಕತೆ ಮುಗಿದೊಡನೆ ಬೆಂಕಿಯ ಸುತ್ತ ಕೂತವರೆಲ್ಲ ಒಟ್ಟಿಗೆ "ನಾವು ಕಂಡದ್ದೇ!" ಎಂದು ಕೂಗಿ ಮೂರು ಸಲ ಚಪ್ಪಾಳೆ ತಟ್ಟಬೇಕು. ಬೆಂಕಿಯ ಮುಂದೆ ಹೇಳಿದ ಕತೆಯನ್ನು ಸುಳ್ಳೆನ್ನಬಾರದು ಎಂಬುದು ಮೇಷ್ಟ್ರು ಮಾಡಿಟ್ಟ ನಿಯಮ. ವನಜಮ್ಮ ಮೂವತ್ತು ವರ್ಷ ಹಾಗೆ ಕೂಗಿದ್ದಾಳೆ. ಕಾಣದ ಹುಲಿಯನ್ನು ಅದೆಷ್ಟು ಸಲ ಕಂಡಿದ್ದಾಳೋ.

ಸಿರಿಮನೆ ಕತೆ ಮಾತ್ರ ಹೊಸದು, ಹುಟ್ಟಿ ಒಂದು ವರ್ಷ ಎರಡು ತಿಂಗಳು. ಹೋದ ಡಿಸೆಂಬರಿನ ಹಿಂದಿನ ಡಿಸೆಂಬರಿನಲ್ಲಿ ಬಳಗದವರು ಸಿರಿಮನೆ ಜಲಪಾತಕ್ಕೆ ಹೋಗಿ, ಅಲ್ಲಿಂದ ಕಾಡಿನ ಒಳದಾರಿಯಲ್ಲಿ ಕಿಗ್ಗಕ್ಕೆ ನಡೆದಿದ್ದರು. ಸಾಲಿನ ಕೊನೆಯಲ್ಲಿ ನಡೆಯುವವರಿಗೆ 'ಬಾಲ' ಎಂದು ಹೆಸರು. ಯಾರೂ ಹಿಂದೆ ಉಳಿಯದಂತೆ ನೋಡಿಕೊಳ್ಳುವುದು ಬಾಲದ ಕೆಲಸ. ಅವತ್ತು ಬಾಲ ವನಜಮ್ಮ. ಅವಳ ಮುಂದೆ ಇದ್ದವನು ಕೊಪ್ಪದ ಪೇಟೆಯಲ್ಲಿ ಕೊಡೆ, ಟಾರ್ಚು, ಮಿಕ್ಸಿ ರಿಪೇರಿ ಮಾಡುವ ಜಲಾಲುದ್ದೀನ್. ಮಧ್ಯಾಹ್ನ ಕಳೆದಿತ್ತು. "ಟೀಚರ್, ಹಳ್ಳದ ಹತ್ರ ನಮಾಜು ಮುಗಿಸಿ ಬಂದೆ, ಒಂದು ಹತ್ತು ನಿಮಿಷ" ಎಂದು ಅವನು ಚೀಲದಿಂದ ಚಿಕ್ಕ ಚಾಪೆ ತೆಗೆದು ಕೆಳಗಿಳಿದ. ಅವಳು ದಾರಿಯಲ್ಲಿ ನಿಂತಳು. ಮಂಡಿ ಕಿತ್ತು ತಿನ್ನುತ್ತಿತ್ತು. ಮುಂದಿನವರ ಮಾತು ಕೇಳಿಸದಾಯಿತು. ಕೂರೋಣವೆಂದರೆ ಕೂತರೆ ಏಳಲಾಗದು. ಹತ್ತು ನಿಮಿಷವೋ ಹದಿನೈದೋ, ಅವಳಿಗೆ ತಾಸು ಕಳೆದ ಹಾಗೆ. ಆಗ ಬಾಯಿಗೆ ಬಂತು, ಬರುತ್ತದೆಂದು ಅವಳಿಗೇ ಗೊತ್ತಿರದ ಮಾತು: "ಈ ಸಾಬರ ಜಾತಿಯೇ ಇಷ್ಟು. ಹೊತ್ತಿಲ್ಲ ಗೊತ್ತಿಲ್ಲ, ಕಂಡಲ್ಲಿ ಚಾಪೆ ಹಾಸೋದು. ಕಾಯೋರು ಸಾಯ್ಲಿ." ಗಟ್ಟಿಯಾಗಿಯೇ ಅಂದಳು. ಕೇಳಿಸಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ. ಒಂದು ಕೋಲು ಹೆಕ್ಕಿ ದಾರಿಯ ಮಣ್ಣಿನಲ್ಲಿ ಒಂದು ಸೊನ್ನೆ ಎಳೆದು, ನಡುವೆ ಕೋಲಿನ ತುದಿ ಕುಕ್ಕಿ ಚುಕ್ಕಿ ಇಟ್ಟಳು. ಸ್ಕೌಟಿನವರ ದಾರಿ ಗುರುತಿನಲ್ಲಿ ಅದರ ಅರ್ಥ 'ಮನೆಗೆ ಹೋಗಿದ್ದೇನೆ'. ಹಿಂದೆ ಬರುವ ಜಲಾಲುದ್ದೀನನಿಗೆ ನಾವು ಹೋದೆವು, ನೀನು ಬಾ ಎಂದು ತಿಳಿಯಲಿ ಎಂದು. ಕಿಗ್ಗ ತಲುಪಿದಾಗ ಬಳಗದ ಯಲ್ಲಕ್ಕ ಶೃಂಗೇರಿಗೆ ಜೀಪು ಹತ್ತುತ್ತಿದ್ದಳು. ಯಾರಿಗೂ ಒಂದು ಮಾತು ಹೇಳದೆ ವನಜಮ್ಮ ತಾನೂ ಹತ್ತಿ ಕೂತಳು.

ಮೂವತ್ತೈದು ವರ್ಷ ಕನ್ನಡ ವ್ಯಾಕರಣ ಕಲಿಸಿದವಳು ಅವಳು. ಹೋದೆ, ಹೋದೆವು, ಹೋದ, ಹೋದರು. ಕ್ರಿಯಾಪದದ ಬಾಲ ನೋಡಿ ಕರ್ತೃವನ್ನು ಹಿಡಿಯಿರಿ ಎಂದು ಬೋರ್ಡಿಗೆ ಕೋಲು ಬಡಿದು ಹೇಳಿದ್ದಾಳೆ. ಆ ಸೊನ್ನೆಗೆ ಬಾಲವೇ ಇಲ್ಲ ಎಂಬುದು ಅವಳ ತಲೆಗೆ ಹೋಗಲಿಲ್ಲ. ಕಿಗ್ಗದಲ್ಲಿ ಜೀಪು ಹತ್ತಿದವರನ್ನು ಬಿಟ್ಟು ತಲೆ ಎಣಿಸಿ ಒಬ್ಬ ಕಡಿಮೆ ಎಂದು ವಾಪಸು ನಡೆದು ಬಂದ ಪ್ರಶಾಂತ ಗುರುತು ಕಂಡ. ಓಹೋ, ಜಲಾಲ್ ಭಾಯ್ ಬೇರೆ ದಾರಿ ಹಿಡಿದು ಮನೆಗೆ ಹೋಗಿದ್ದಾರೆ, ಗುರುತು ಬರೆದಿಟ್ಟಿದ್ದಾರೆ, ಎಷ್ಟಾದರೂ ಹಳೇ ಸ್ಕೌಟು ಎಂದು ಖುಷಿಯಾಗಿ ತಿರುಗಿದ. ಜಲಾಲುದ್ದೀನ್ ಕಾಲು ಜಾರಿ ಹಳ್ಳದ ಬಂಡೆಗಳ ಸಂದಿಯಲ್ಲಿ ಸೊಂಟ ಮುರಿದು ಬಿದ್ದಿದ್ದ. ಅರ್ಧ ಮೈ ನೀರಿನಲ್ಲಿ, ಫೋನಿಗೆ ಸಿಗ್ನಲ್ ಇಲ್ಲ. ಸೌದೆಗೆ ಬಂದವನೊಬ್ಬ ನರಳುವುದು ಕೇಳಿ ಬಂದಾಗ ಏಳು ಗಂಟೆ. ಸ್ಕೌಟು ಅಲ್ಲದವನಿಗೆ ಆ ಸೊನ್ನೆ ಸೊನ್ನೆಯೇ, ತುಳಿದುಕೊಂಡು ಹೋಗಿ ಹುಡುಕಿದ್ದ. ಆಸ್ಪತ್ರೆಯಲ್ಲಿ ಎಲ್ಲರೂ ಮಂಚದ ಸುತ್ತ ನಿಂತಾಗ ಜಲಾಲುದ್ದೀನ್, "ನಾನು ಏನೂ ಬರೀಲಿಲ್ಲ" ಎಂದ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ವನಜಮ್ಮ ಕಿಟಕಿಯ ಹತ್ತಿರ ಹೋಗಿ ಕಿತ್ತಲೆ ಹಣ್ಣು ಸುಲಿಯತೊಡಗಿದಳು. ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಪ್ರಶಾಂತ, "ಹಂಗಾದ್ರೆ ಇನ್ಯಾರು, ನಮ್ಮ ರಂಗಪ್ಪ ಮೇಷ್ಟ್ರೇ! ಮನೆಗೆ ಕರ್ಕೊಂಡು ಹೋಗ್ಲಿಕ್ಕೆ ಬಂದಿದ್ರು, ಜಲಾಲ್ ಭಾಯ್ ಇನ್ನು ಸ್ವಲ್ಪ ದಿನ ತಡೀರಿ ಸಾರ್ ಅಂದ್ರು" ಎಂದ. ಮಂಚದ ಮೇಲಿದ್ದವನೂ ನಕ್ಕ. ಆ ನಗೆಯಲ್ಲಿ ವನಜಮ್ಮನಿಗೆ ಬದುಕಿದೆಯಾ ಬಡಜೀವವೇ ಎನ್ನಿಸಿತು. ಸುಲಿದ ಹಣ್ಣನ್ನು ಅವನಿಗೇ ಕೊಟ್ಟಳು.

ಕೊಪ್ಪದ ಶಾಲೆಯ ಮೈದಾನದಲ್ಲಿ ಎಂದಿನಂತೆ ಎಡಗೈ ಮಿಲಾಯಿಸಿ ಮಿಲಾಯಿಸಿ ಕೈ ಸೋತಿತು. ಎಡಗೈ ಹೃದಯಕ್ಕೆ ಹತ್ತಿರ ಎಂದು ಮೇಷ್ಟ್ರು ಹೇಳುತ್ತಿದ್ದರು. ಮನೆಯಲ್ಲಿ ಎಡಗೈಲಿ ಲೋಟ ಕೊಟ್ಟರೆ ಅಜ್ಜಿ ಬೆನ್ನಿಗೆ ಬಾರಿಸುತ್ತಿದ್ದಳು. ಎರಡರ ನಡುವೆ ಬೆಳೆದ ವನಜಮ್ಮನಿಗೆ ಇಂದಿಗೂ ಎಡಗೈ ಮುಂದೆ ಮಾಡುವಾಗ ಒಂದು ಕ್ಷಣ ಅಳುಕು. ಸಕ್ಕರೆ ಉದುರಿಸಿದ ಉಪ್ಪಿಟ್ಟಿನ ತುತ್ತು ನುಂಗಿ, ಸ್ಕಾರ್ಫು ಕಟ್ಟಿಕೊಂಡು ನೋಡಿದರೆ ಜಲಾಲುದ್ದೀನ್ ಗೋಡೆಯ ನೆರಳಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದ. ಕಾಲ ಸಂದಿಯಲ್ಲಿ ಕೋಲು. ರಂಜಾನ್ ಉಪವಾಸ, ಚಹಾ ಉಪ್ಪಿಟ್ಟು ಏನೂ ಇಲ್ಲ. ಮುಖ ಇಳಿದುಹೋಗಿತ್ತು. ತಪ್ಪಿಸಿಕೊಳ್ಳೋಣವೆಂದರೆ ಅವನು ಆಗಲೇ ಕೈಯೆತ್ತಿದ್ದ.

"ಬನ್ನಿ ಟೀಚರ್. ಎರಡು ಮೀಟಿಂಗಿಗೆ ನಿಮ್ಮ ಪತ್ತೆ ಇಲ್ಲ."

"ಮಂಡಿ ನೋವು ಜಲಾಲ್ ಭಾಯ್."

"ನಿಮ್ದು ಮಂಡಿ, ನಮ್ದು ಸೊಂಟ. ಇಬ್ರನ್ನೂ ಬಿಚ್ಚಿ ಜೋಡಿಸಿದ್ರೆ ಒಂದು ಸರಿಯಾದ ಜನ ಸಿಗಬಹುದು." ಅವನು ನಕ್ಕು, ಆಚೀಚೆ ನೋಡಿ ದನಿ ತಗ್ಗಿಸಿದ. "ನಿಮ್ಮನ್ನ ಒಂದು ಮಾತು ಕೇಳ್ಬೇಕಿತ್ತು. ಆವತ್ತು ಬಾಲ ನೀವಲ್ವಾ. ನಾನು ಆ ಸೊನ್ನೆ ಬರೆದದ್ದು ನೀವೇನಾದ್ರೂ ಕಂಡ್ರಾ?"

ವನಜಮ್ಮನ ಬಾಯಲ್ಲಿ ಸಕ್ಕರೆ ಇನ್ನೂ ಕರಗಿರಲಿಲ್ಲ. "ನೀವಾ? ನೀವ್ಯಾಕೆ ಬರೀತೀರಿ?"

"ಅದನ್ನೇ ನಾನೂ ಹೇಳೋದು. ಮನೇಲಿ ಒಪ್ಪೋದಿಲ್ಲ." ಅವನು ಮೆಲ್ಲಗೆ, ರಿಪೇರಿಗೆ ಬಂದ ಸಾಮಾನಿನ ದೋಷ ಹೇಳುವ ಹಾಗೆ ಹೇಳಿದ. ಆಸ್ಪತ್ರೆಯ ವರಾಂಡದಲ್ಲಿ ಹೆಂಡತಿ ಬೀಬಿ ಜಾನ್ ಅತ್ತು ಕೂಗಾಡಿದಾಗ ಪ್ರಶಾಂತ ಬಳಗವನ್ನು ಬಚಾವು ಮಾಡಲು, ಇವರೇ ಮನೆಗೆ ಹೋಗಿದ್ದೇನೆ ಅಂತ ಗುರುತು ಬರೆದಿದ್ರಮ್ಮ, ಅದಕ್ಕೇ ನಾವು ಹುಡುಕಲಿಲ್ಲ ಎಂದುಬಿಟ್ಟಿದ್ದನಂತೆ. ಬರೆದವನು ಬರೆಯಲಿಲ್ಲ ಎನ್ನುತ್ತಾನೆ. ಮನೆಯವರು ಇನ್ನೇನು ತಿಳಿಯಬೇಕು? ತಲೆಗೆ ಪೆಟ್ಟಾಗಿದೆ, ಅಥವಾ ಅದಕ್ಕೂ ಮೊದಲೇ ಮರೆವು ಹತ್ತಿದೆ. ಆಮೇಲೆ ಅವನು ಕನ್ನಡಕ ಎಲ್ಲಿಟ್ಟೆ ಎಂದರೂ ಬೀಬಿ ಜಾನ್ ಮಗನ ಮುಖ ನೋಡುತ್ತಾಳೆ. ಅಂಗಡಿಯ ಕೀಲಿಯನ್ನು ಮಗ ಸಕ್ಲೇನ್ ಇಟ್ಟುಕೊಂಡಿದ್ದಾನೆ. ಕರೆಂಟಿನ ಕೆಲಸ, ಮರೆವಿನವರ ಕೈಗೆ ಕೊಡಬಾರದು ಎಂದು. ಜಲಾಲುದ್ದೀನ್ ಶರ್ಟಿನ ಜೇಬಿನಿಂದ ಮಡಚಿದ ಒಂದು ಚೀಟಿ ತೆಗೆದು ತೋರಿಸಿದ. ಅದರಲ್ಲಿ ಅವನ ಹೆಸರು, ಬೀದಿ, ಮಗನ ಫೋನ್ ನಂಬರು. "ಒಂದನೇ ಕ್ಲಾಸಿನ ಮಕ್ಕಳಿಗೆ ಟೂರಿಗೆ ಹೋಗುವಾಗ ನಾವೇ ಪಿನ್ ಹಾಕಿ ಕಳಿಸ್ತಿದ್ವಲ್ಲ ಟೀಚರ್. ಮಸೀದಿಗೆ ಹೋಗ್ಲಿಕ್ಕೂ ಈಗ ನಂಗೆ ಇದು ಬೇಕು."

ವನಜಮ್ಮ ಚೀಟಿಯನ್ನು ಎರಡು ಸಲ ಓದಿದಳು. ಇಷ್ಟು ದಿನ ತಾನು ಹೊತ್ತದ್ದು ಒಬ್ಬನ ಸೊಂಟದ ಮೂಳೆ ಎಂದುಕೊಂಡಿದ್ದಳು. ಅದು ಕೂಡಿಕೊಂಡಿದೆ, ಕುಂಟಾದರೂ ನಡೆಯುತ್ತಾನೆ, ಕತೆ ಕೇಳಿ ನಗುತ್ತಾನೆ, ಸಾಕು ಎಂದು ಸಮಾಧಾನ ಮಾಡಿಕೊಂಡಿದ್ದಳು.

"ಈಗೀಗ ನಂಗೂ ಹಂಗೇ ಅನ್ಸ್ತದೆ," ಎಂದ ಜಲಾಲುದ್ದೀನ್. "ಬರೆದೆನೇನೋ. ಕಣ್ಣು ಮುಚ್ಚಿದ್ರೆ ಕೋಲು ಹಿಡ್ಕೊಂಡು ಬಗ್ಗಿದ್ದು ಕಾಣ್ತದೆ. ನಮ್ಮಲ್ಲಿ ಸತ್ತವ್ರು ಬಂದು ಬರೀತಾರೆ ಅಂತೆಲ್ಲ ನಂಬಬಾರ್ದು ಟೀಚರ್. ಆದ್ರೂ ಪ್ರಶಾಂತ್ ಆ ಕತೆ ಹೇಳ್ತಾರಲ್ಲ, ಅದು ಕೇಳ್ಲಿಕ್ಕೇ ನಾನು ಇಲ್ಲಿಗೆ ಬರೋದು. ಇಲ್ಲಿ ಕೂತಷ್ಟು ಹೊತ್ತು ನನ್ನ ತಲೆ ಸರಿ ಇರ್ತದೆ."

ಅಷ್ಟರಲ್ಲಿ ಸೀಟಿ ಕೂಗಿತು. ಮೂರು ಗಂಟೆಗೆ ಕ್ಯಾಂಪ್ ಫೈರ್. ಸಂಜೆ ಬಸ್ಸಿಗೆ ಓಡುವವರ ಬಳಗ. ಬೆಂಕಿಯನ್ನು ಸುಡುಬಿಸಿಲಿನಲ್ಲೇ ಹಚ್ಚಬೇಕು. ಬಿಸಿಲಿನಲ್ಲಿ ಬೆಂಕಿಗೆ ಬಣ್ಣವಿಲ್ಲ, ಹೊಗೆ ಮಾತ್ರ. ಯಲ್ಲಕ್ಕ ಸೆರಗನ್ನು ತಲೆಗೆ ಹೊದ್ದು, "ಮೇಷ್ಟ್ರೇ, ಮೋಡವಾದ್ರೂ ಕಳಿಸಿ" ಎಂದು ಆಕಾಶಕ್ಕೆ ಕೈಮುಗಿದಳು. ಪ್ರಶಾಂತ ಸಿರಿಮನೆ ಕತೆ ಶುರು ಮಾಡಿದ. ಆಸ್ಪತ್ರೆಯಲ್ಲಿ ಎರಡು ಮಾತಿನಲ್ಲಿ ಹುಟ್ಟಿದ್ದು ಈಗ ಕೈಕಾಲು ಪಡೆದು ಓಡಾಡುತ್ತಿತ್ತು. ಹಳ್ಳದ ಬದಿಯಲ್ಲಿ ಮೇಷ್ಟ್ರ ಖಾಕಿ ಚಡ್ಡಿ ಕಂಡಿತಂತೆ. ಸೊನ್ನೆಯ ಸುತ್ತ ಹೆಜ್ಜೆ ಗುರುತೇ ಇರಲಿಲ್ಲವಂತೆ. ಸೌದೆಯವನಿಗೆ ದಾರಿ ತೋರಿದ್ದೂ ಒಂದು ಸೀಟಿಯ ಸದ್ದಂತೆ. ವನಜಮ್ಮ ಕೇಳುತ್ತ ಜಲಾಲುದ್ದೀನನನ್ನು ನೋಡಿದಳು. ಅವನು ಕೋಲಿನ ಮೇಲೆ ಗಲ್ಲ ಊರಿ, ಉಪವಾಸದ ಒಣ ತುಟಿಗಳನ್ನು ತುಸು ತೆರೆದು, ಔಷಧ ಕುಡಿಯುವವನಂತೆ ಒಂದೊಂದು ಮಾತನ್ನೂ ನುಂಗುತ್ತಿದ್ದ. ಛೆ, ಏನು ಜನ್ಮ ಇದು. ಒಂದು ವರ್ಷ ಈ ಮನುಷ್ಯ ಸುಳ್ಳನ್ನು ಆಸರೆ ಮಾಡಿಕೊಂಡು ನಿಂತಿದ್ದಾನೆ, ನಿಜ ನನ್ನ ಹೊಟ್ಟೆಯಲ್ಲಿದೆ, ನಾನು ಮುತ್ತಿನಕೊಪ್ಪದ ಮನೆಯಲ್ಲಿ ಮಂಡಿಗೆ ಎಣ್ಣೆ ತಿಕ್ಕಿಕೊಂಡು ಕೂತಿದ್ದೆ. ಅವಳು ಎದ್ದು ನಿಂತಳು. ಏಳುವಾಗ ಮಂಡಿ ಲಟಕ್ಕೆಂದಿತು.

"ಮೇಷ್ಟ್ರೂ ಬರೀಲಿಲ್ಲ, ಜಲಾಲ್ ಭಾಯ್ ಬರೀಲಿಲ್ಲ. ಆ ಸೊನ್ನೆ ಬರೆದದ್ದು ನಾನು."

ಹೊಗೆಯ ಆಚೆ ಎಲ್ಲರ ಮುಖಗಳೂ ಮೇಲೆದ್ದವು.

"ಕಾದೆ. ಮಂಡಿ ನೋವಾಗಿ ನಿಲ್ಲಲಿಕ್ಕೆ ಆಗ್ಲಿಲ್ಲ. ನಾನು ಹೋಗಿದ್ದೇನೆ ಅಂತ ಅವ್ರಿಗೆ ತಿಳೀಲಿ ಅಂತ ಬರೆದು ಹೊರಟೆ. ಜೀಪು ಹತ್ತಿದೆ. ಹೇಳಬೇಕಿತ್ತು, ಹೇಳಲಿಲ್ಲ. ತಪ್ಪಾಯ್ತು."

ಪ್ರಶಾಂತನ ಕಣ್ಣಲ್ಲಿ ಏನೋ ಮಿಂಚಿ ಮಾಯವಾಯಿತು. ಅವನಿಗೆ ತಿಳಿಯಿತು, ತಿಳಿಯುವುದು ಬೇಡವಾಯಿತು, ಎರಡೂ ಒಂದೇ ಉಸಿರಿನಲ್ಲಿ. ಆಮೇಲೆ ಅವನು ತೊಡೆ ತಟ್ಟಿ, "ಭಲೇ ಟೀಚರ್! ನಿಮ್ಮ ಕೈಯಲ್ಲಿ ಮೇಷ್ಟ್ರೇ ಬರೆಸಿದ್ದು ಹಂಗಾದ್ರೆ!" ಎಂದ. ಎಲ್ಲರಿಗೂ ಉಸಿರು ಬಂತು. "ನಾವು ಕಂಡದ್ದೇ!" ಹದಿನೇಳು ಬಾಯಿಗಳು ಒಟ್ಟಿಗೆ ಕೂಗಿದವು, ಮೂರು ಚಪ್ಪಾಳೆ ಬಿದ್ದವು. ಯಲ್ಲಕ್ಕ ಅವಳ ಸೆರಗು ಜಗ್ಗಿ ಕೂರಿಸಿ, "ಅಯ್ಯೋ ವನಜಾ, ನಿಂಗೆ ಇಷ್ಟು ಚಂದ ಕತೆ ಕಟ್ಲಿಕ್ಕೆ ಬರ್ತದೆ ಅಂತ ಗೊತ್ತೇ ಇರ್ಲಿಲ್ಲ ಮಾರಾಯ್ತಿ" ಎಂದಳು. ವನಜಮ್ಮ ಇದು ಕತೆಯಲ್ಲ ಎಂದಳು. ಅದಕ್ಕೂ ನಕ್ಕರು. ಕೂಗಿದ ಬಾಯಿಗಳಲ್ಲಿ ಜಲಾಲುದ್ದೀನನದು ಇರಲಿಲ್ಲ, ಅವನು ಅವಳನ್ನೇ ನೋಡುತ್ತಿದ್ದ.

ಬೆಂಕಿಗೆ ನೀರು ಹೊಯ್ದ ಮೇಲೆ ಅವನು ಕೋಲೂರಿಕೊಂಡು ಹತ್ತಿರ ಬಂದ. "ನಿಜವಾ?" "ನಿಜ." ಅವನು ಕೋಪ ಮಾಡಿಕೊಳ್ಳುತ್ತಾನೆ ಎಂದುಕೊಂಡಳು. ಒಂದು ಬೈಗುಳ ಬೈದರೆ ಅರ್ಧ ಭಾರ ಇಳಿಯುತ್ತಿತ್ತು. ಅವನು ಅವಳ ಕೈ ಹಿಡಿಯುವುದೊಂದು ಬಾಕಿ, ಅಷ್ಟು ಆಸೆಯಿಂದ, "ಹಂಗಾದ್ರೆ ನಮ್ಮನೇಲಿ ಬಂದು ಒಂದು ಸಲ ಹೇಳ್ತೀರಾ ಟೀಚರ್? ಅವಳ ಮುಂದೆ, ಹುಡುಗನ ಮುಂದೆ? ನಿಮ್ಮ ಮಾತಂದ್ರೆ ಅವರಿಗೆ ಬೆಲೆ ಇದೆ" ಎಂದ. ಆಟೋದಲ್ಲಿ ದಾರಿಯುದ್ದಕ್ಕೂ ಮಾತು. ರಿಪೇರಿಗೆ ಬಂದ ದಿನದಿಂದ ಅಟ್ಟದ ಮೇಲೆ ಬಿದ್ದಿರುವ ಒಂದು ಹಳೇ ರೇಡಿಯೋ ಬಿಚ್ಚಬೇಕಂತೆ, ಸಕ್ಲೇನ್ ಅಂಗಡಿಯಲ್ಲಿ ಸ್ಕ್ರೂಗಳನ್ನೆಲ್ಲ ಒಂದೇ ಡಬ್ಬಿಗೆ ಹಾಕಿ ಹಾಳುಮಾಡಿದ್ದಾನಂತೆ. "ಹಾಗಾದ್ರೆ ನಾನು ಸರಿ ಇದ್ದೆ. ಅಲ್ವಾ ಟೀಚರ್? ಆವತ್ತು ನಾನು ಸರಿಯಾಗೇ ಇದ್ದೆ" ಎಂದು ಎರಡು ಸಲ ಕೇಳಿದ. ನನ್ನ ಮೇಲೆ ಸಿಟ್ಟಿಗೆ ಜಾಗವೇ ಇಲ್ಲದಷ್ಟು ಇವನಿಗೆ ಖುಷಿಯಾಗಿದೆಯಲ್ಲ ಎಂದುಕೊಂಡಳು ವನಜಮ್ಮ. ಹೌದು, ಸರಿ ಇದ್ರಿ ಎಂದಳು.

ಚಿಕ್ಕ ಮನೆ. ಒಳಗೆ ಎಣ್ಣೆ ಕಾಯುವ ವಾಸನೆ. ರೋಜಾ, ಅಂದರೆ ದಿನದ ಉಪವಾಸ, ಬಿಡುವುದಕ್ಕೆ ಇನ್ನೂ ಒಂದೂವರೆ ತಾಸಿತ್ತು, ಬೀಬಿ ಜಾನ್ ಸಮೋಸ ಮಡಚುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ಯಾ ಅಲ್ಲಾ, ಟೀಚರಮ್ಮ! ಕೂತ್ಕಳಿ, ಕೂತ್ಕಳಿ. ಇವತ್ತು ನೀವು ರೋಜಾ ಬಿಡೋವರೆಗೆ ಇರ್ಬೇಕು, ಹಂಗೇ ಕಳ್ಸೋದಿಲ್ಲ." ಸಕ್ಲೇನ್ ಅಂಗಡಿಯಿಂದ ಬಂದು ಕೈಕಾಲು ತೊಳೆಯುತ್ತಿದ್ದ. ಮೂವತ್ತರ ಹತ್ತಿರದ ಮೆತ್ತಗಿನ ಹುಡುಗ, ಅವಳ ಕೈಯಲ್ಲೇ ಕನ್ನಡ ಕಲಿತವನು. ಜಲಾಲುದ್ದೀನ್ ಹೆಂಡತಿಯನ್ನೂ ಮಗನನ್ನೂ ಎದುರಿಗೆ ನಿಲ್ಲಿಸಿ, ತಾನು ಗೋಡೆಗೆ ಒರಗಿ, "ಹೇಳಿ ಟೀಚರ್" ಎಂದ. ವನಜಮ್ಮ ಹೇಳಿದಳು. ಬೆಂಕಿಯ ಮುಂದೆ ಹೇಳಿದ್ದನ್ನೇ, ಅದೇ ಕ್ರಮದಲ್ಲಿ: ಕಾದೆ, ಮಂಡಿ ನೋವು, ಬರೆದೆ, ಹೋದೆ, ತಪ್ಪಾಯಿತು. ಹೇಳುವಾಗಲೇ ಮಾತು ಬಾಯಿಪಾಠದಂತೆ ಕೇಳಿಸುತ್ತಿದೆ ಎನ್ನಿಸಿತು.

ಬೀಬಿ ಜಾನ್ ಮುಸುಕಿನ ತುದಿಯಿಂದ ಕಣ್ಣೊರೆಸಿಕೊಂಡಳು. "ನಿಮ್ಮದು ದೊಡ್ಡ ಮನಸ್ಸು ಟೀಚರಮ್ಮ. ಇವರ ಸಂಕಟ ನೋಡ್ಲಿಕ್ಕಾಗದೆ ನಿಮ್ಮ ತಲೆ ಮೇಲೆ ಹಾಕ್ಕೊಳ್ತಾ ಇದ್ದೀರಿ. ನಂಗೆ ಗೊತ್ತಿಲ್ವಾ? ದಿನಕ್ಕೊಂದು ಉಪಕಾರ ಮಾಡಬೇಕು ಅಂತ ನಿಮ್ಮ ಸ್ಕೌಟಿನವರದ್ದು ಇದೆಯಲ್ಲ, ಮದುವೆಯಾದಾಗಿಂದ ಕೇಳ್ತಾ ಇದ್ದೀನಿ."

"ಉಪಕಾರ ಅಲ್ಲ ಬೀಬಿ ಜಾನ್. ನಿಜ."

"ಇರ್ಲಿ ಬಿಡಿ ಟೀಚರ್," ಎಂದ ಸಕ್ಲೇನ್. ದನಿಯಲ್ಲಿ ಗೌರವವಿತ್ತು, ಅದೇ ಕಷ್ಟ. "ನಿಜ ಆಗಿದ್ರೆ ನೀವು ಆಸ್ಪತ್ರೇಲೇ ಹೇಳ್ತಿದ್ರಿ. ನೀವು ಅಂಥವರಲ್ಲ, ಮಂಡಿ ನೋವು ಅಂತ ಒಬ್ರನ್ನ ಕಾಡಲ್ಲಿ ಬಿಟ್ಟು ಬರೋರಲ್ಲ, ನಾವು ನಿಮ್ಮ ಹತ್ರ ಓದಿದವ್ರು." ಅವನು ಅಪ್ಪನ ಕಡೆ ತಿರುಗಿದ. "ಅಬ್ಬಾ, ಹೀಗೆ ಬಂದು ಹೇಳಿ ಅಂತ ನೀವೇ ಕೇಳ್ಕೊಂಡ್ರಾ?"

"ಮನೆಗೆ ಬಂದು ಹೇಳಿ ಅಂದದ್ದು ಹೌದು," ಎಂದ ಜಲಾಲುದ್ದೀನ್. ಹೇಳಿದ ಮೇಲೆ ಆ ಮಾತು ಹೇಗೆ ಕೇಳಿಸಿತೆಂದು ಅವನಿಗೂ ಹೊಳೆಯಿತು. ಮಗ ತಾಯಿಯ ಮುಖ ನೋಡಿದ. ಜಲಾಲುದ್ದೀನ್ ನಿಧಾನಕ್ಕೆ ವನಜಮ್ಮನ ಕಡೆ ತಿರುಗಿದ. ಆಟೋದಲ್ಲಿದ್ದ ಮುಖ ಅಲ್ಲಿರಲಿಲ್ಲ. "ಟೀಚರ್," ಎಂದ, "ನನಗೋಸ್ಕರ ಹೇಳಿದ್ದಲ್ಲ ತಾನೇ?"

ಈಗ ಅವನೂ ನಂಬುತ್ತಿಲ್ಲ. ನಾಳೆಯಿಂದ ಬೆಂಕಿಯ ಮುಂದೆಯೂ ಇವನಿಗೆ ಜಾಗವಿಲ್ಲ, ಅದನ್ನೂ ನಾನೇ ಕೆಡಿಸಿದೆ ಎಂದು ವನಜಮ್ಮನಿಗೆ ಅನ್ನಿಸಿತು. ಎದ್ದು ಬಸ್ಸಿಗೆ ಹೋಗಬಹುದು. ದೊಡ್ಡ ಮನಸ್ಸಿನ ಟೀಚರಮ್ಮ ಎಂಬ ಹೆಸರು ಹೊತ್ತು, ಒಂದೆರಡು ಸಮೋಸ ಕಟ್ಟಿಸಿಕೊಂಡು ಹೋಗಬಹುದು, ಹೇಳುವುದನ್ನು ಹೇಳಿಯಾಯಿತು ಎಂದು ರಾತ್ರಿ ನಿದ್ದೆಯನ್ನೂ ಮಾಡಬಹುದು. ಇವರು ನಂಬದಿರುವುದು ಯಾಕೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವಳು ಹೇಳಿದ್ದರಲ್ಲಿ ಅವಳು ಇರಲಿಲ್ಲ. ಮಂಡಿಯೊಂದೇ ಇತ್ತು. ಮಂಡಿ ನೋವಿಗೆ ಯಾರೂ ಒಂದು ವರ್ಷ ಬಾಯಿ ಮುಚ್ಚಿಕೊಂಡು ಕೂರುವುದಿಲ್ಲ. ಒಂದೇ ಒಂದು ಮಾತು ಬಾಕಿಯಿದೆ. ಉಪಕಾರಕ್ಕೆ ಸುಳ್ಳು ಹೇಳುವವರು ಯಾರೂ ಕಟ್ಟಿ ಹೇಳಲಾರದ ಮಾತು. ಅದನ್ನು ಹೇಳಿದರೆ ಇವರು ನಂಬುತ್ತಾರೆ. ಹೇಳಿದ ಮೇಲೆ ಈ ಮನೆಯ ಮೆಟ್ಟಿಲು ತಾನು ಇನ್ನೊಮ್ಮೆ ಹತ್ತುವಂತಿಲ್ಲ. ದೇವರೇ, ಎಷ್ಟು ಸುಸ್ತು.

"ಸಕ್ಲೇನ್, ಮಂಡಿ ನೋವಲ್ಲ," ಎಂದಳು. "ಸಿಟ್ಟು. ನಿಮ್ಮ ಅಬ್ಬ ನಮಾಜಿಗೆ ಕೂತಿದ್ರು. ನಾನು ದಾರೀಲಿ ನಿಂತು, ಬಾಯಿಬಿಟ್ಟು ಅಂದೆ. ಈ ಸಾಬರ ಜಾತಿಯೇ ಇಷ್ಟು ಅಂದೆ. ಹೊತ್ತಿಲ್ಲ ಗೊತ್ತಿಲ್ಲ, ಕಂಡಲ್ಲಿ ಚಾಪೆ ಹಾಸೋದು, ಕಾಯೋರು ಸಾಯ್ಲಿ, ಅಂದೆ. ಅಂದು, ಅದೇ ಸಿಟ್ಟಲ್ಲಿ ಕೋಲು ತಗೊಂಡು ಬರೆದೆ. ಮೂವತ್ತು ವರ್ಷ ಜೊತೇಲಿ ಇದ್ದವರಿಗೆ. ಆಸ್ಪತ್ರೇಲಿ ಬಾಯಿ ಬರದೆ ಇದ್ದದ್ದು ಅದಕ್ಕೇ. ಸೊನ್ನೆ ಬರೆದದ್ದು ಹೇಳಿದ್ರೆ ಇದೂ ಹೊರಗೆ ಬರ್ತದೆ ಅಂತ."

ಒಳಗೆ ಎಣ್ಣೆ ಕಾದು ಹೊಗೆ ಬರುತ್ತಿತ್ತು. ಬೀಬಿ ಜಾನ್ ಹೋಗಿ ಒಲೆ ಆರಿಸಿದಳು, ತಿರುಗಿ ಬಂದು ಬಾಗಿಲಲ್ಲಿ ನಿಂತಳು. ವನಜಮ್ಮನ ಕಡೆ ನೋಡಲಿಲ್ಲ. ಮಗನಿಗೆ ತಮ್ಮ ಮಾತಿನಲ್ಲಿ ಏನೋ ಅಂದಳು, ಆಮೇಲೆ ಕನ್ನಡದಲ್ಲೇ, "ಹಂಗಾದ್ರೆ ಇವರು ಬರೀಲಿಲ್ಲ" ಎಂದಳು. ಸಕ್ಲೇನ್ ನೆಲ ನೋಡುತ್ತ ನಿಂತಿದ್ದ. ಕಿವಿ ಕೆಂಪಾಗಿತ್ತು. ಪ್ಯಾಂಟಿನ ಜೇಬಿಗೆ ಕೈ ಹಾಕಿ ಕೀಲಿಗೊಂಚಲು ತೆಗೆದು, ಅದರಿಂದ ಅಂಗಡಿಯ ಕೀಲಿ ಬಿಡಿಸಿ, ಅಪ್ಪನ ಕೈಯಲ್ಲಿಟ್ಟ. ಯಾರೂ ಅವಳಿಗೆ ರೋಜಾ ಬಿಡುವವರೆಗೆ ಇರಿ ಎನ್ನಲಿಲ್ಲ. ವನಜಮ್ಮ ಚೀಲ ಎತ್ತಿಕೊಂಡು ಚಪ್ಪಲಿ ಹುಡುಕಿದಳು.

ಜಲಾಲುದ್ದೀನ್ ಕೀಲಿಯನ್ನು ನೋಡಲೂ ಇಲ್ಲ, ಮುಷ್ಟಿಯಲ್ಲಿ ಹಿಡಿದುಕೊಂಡು ಕೋಲೂರುತ್ತ ಅವಳ ಹಿಂದೆ ಬಾಗಿಲವರೆಗೆ ಬಂದ.

"ಆವತ್ತು ನಮಾಜು ಓದೋದು ಇನ್ನೂ ಬಾಕಿ ಇತ್ತು ಟೀಚರ್," ಎಂದ. "ಅರ್ಧಕ್ಕೇ ಬಿಟ್ಟು ಎದ್ದೆ. ಮಂಡಿ ನೋವಿನ ಜನ, ಕಾಡು ದಾರೀಲಿ ಒಬ್ರೇ ನಿಂತು ಕಾಯ್ತಾ ಇರ್ತಾರಲ್ಲ ಅಂತ. ಆ ಬಂಡೆ ಮೇಲೆ ಓಡಿ ಬಂದದ್ದು ಅದಕ್ಕೇ."